ಸೈಲೆನ್ಸರ್ ಕೆಳಗಿನ ಸಣ್ಣ ತೂತು

ದೊಡ್ಡಬಾತಿ ದಾಟಿ, ಇನ್ನೇನು ದಾವಣಗೆರೆ ಬಂತು ಅನ್ನುವಷ್ಟರಲ್ಲಿ ಎಣ್ಣೆ ಡಬ್ಬ ಎಳೆದುಕೊಂಡು ಹೋಗುವಂಥ ಸದ್ದು ಶುರುವಾಯಿತು. ಮುಂದಿದ್ದ ಭತ್ತದ ಮೂಟೆಯ ಟ್ರ್ಯಾಕ್ಟರಿನದೇ ಇರಬೇಕು ಅಂದುಕೊಂಡು ಅದನ್ನು ದಾಟಿದೆ. ಟ್ರ್ಯಾಕ್ಟರು ಹಿಂದೆ ಉಳಿಯಿತು, ಸದ್ದು ಮಾತ್ರ ನನ್ನ ಜೊತೆಗೇ ಬಂತು. ಪಕ್ಕಕ್ಕೆ ನಿಲ್ಲಿಸಿ ಬಗ್ಗಿ ನೋಡಿದರೆ ಸೈಲೆನ್ಸರ್ ಒಂದೇ ಒಂದು ರಬ್ಬರಿಗೆ ಜೋತುಬಿದ್ದು ಡಾಂಬರು ಕೆರೆಯುತ್ತಿದೆ. ಮೊದಲ ಪೀರಿಯಡ್ಡು ಎಂಟನೇ ತರಗತಿಗಿತ್ತು. ಪಂಕ್ಚರ್ ಅಂಗಡಿಯ ಹುಡುಗನೊಬ್ಬ ಬೈಂಡಿಂಗ್ ವೈರ್ ತಂದು ಬಿಗಿದುಕೊಟ್ಟ. ಗಟಗಟ ಸದ್ದು ಮಾಡಿಕೊಂಡೇ ಶಾಲೆಯ ಗೇಟಿನೊಳಗೆ ಹೋದೆ. ಮಕ್ಕಳು ಕಿಟಕಿಯಲ್ಲಿ ಸಾಲುಗಟ್ಟಿ ನೋಡಿದರು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಮನೆ ಹರಿಹರ, ಕೆಲಸ ದಾವಣಗೆರೆ. ದಿನಾ ಹದಿನಾಲ್ಕು ಕಿಲೋಮೀಟರ್ ಹೋಗಬೇಕು, ಹದಿನಾಲ್ಕು ಬರಬೇಕು. ಕಾರು ಅಪ್ಪ ಸೆಕೆಂಡ್ ಹ್ಯಾಂಡಿಗೆ ಕೊಂಡದ್ದು, 2005ರ ಮಾರುತಿ ಎಸ್ಟೀಮ್, 1298 ಸಿಸಿ. ಅಪ್ಪ 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವರು. ದೇಶಕ್ಕೆಲ್ಲ ಲೇತ್ ಮಾಡಿಕೊಟ್ಟ ಆ ಕಾರ್ಖಾನೆ ಬಾಗಿಲು ಹಾಕಿದ ಮೇಲೂ ಅಪ್ಪನ ವರ್ನಿಯರ್ ಕ್ಯಾಲಿಪರ್ ಮಾತ್ರ ಎಣ್ಣೆ ಹಚ್ಚಿದ ಬಟ್ಟೆಯೊಳಗೆ ಸುತ್ತಿಕೊಂಡು ಹಾಗೇ ಇದೆ. ಮನೆಯಲ್ಲಿ ಯಾವ ವಸ್ತು ಕೆಟ್ಟರೂ ಅದು ಹೊರಗೆ ಬರುತ್ತದೆ. ಅವತ್ತು ಸಂಜೆಯೂ ಬಂತು.

ಸೈಲೆನ್ಸರ್ ಬಿದ್ದರೆ ಹೊಸದು ಹಾಕಿಸಿದರಾಯಿತು, ಅದರಲ್ಲೇನು ಲೇಖನ ಬರೆಯುವುದು ಎಂದು ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಆ ವಾರ ನನಗೆ ಸಿಕ್ಕ ಸಲಹೆಗಳನ್ನು ಕೇಳಿ. ಅಕ್ಕನ ಮಗ ಇಂಜಿನಿಯರಿಂಗ್ ಎರಡನೇ ವರ್ಷ. ಅವನು, "ಚಿಕ್ಕಮ್ಮ, ಹೆಂಗೂ ಬಿಚ್ಚಸ್ತೀಯಲ್ಲ, ಫ್ರೀ ಫ್ಲೋ ಹಾಕ್ಸಿಬಿಡು. ಪಿಕಪ್ ಹೆಂಗ್ ಬರ್ತೈತಿ ನೋಡು" ಅಂದ. ಬೆಂಗಳೂರಿನ ಅಂಗಡಿಯೊಂದರಲ್ಲಿ ಕೇಳಿದ್ದಕ್ಕೆ ಇಡೀ ಸೆಟ್ಟು 28,000 ಅಂದರು. ನನ್ನ ಕಾರನ್ನು ಮಾರಿದರೆ ಎಷ್ಟು ಬರುತ್ತದೆ ಎಂದು ಅವರಿಗೆ ಹೇಳಲಿಲ್ಲ. ಊರಿನ ಗ್ಯಾರೇಜೊಂದರಲ್ಲಿ ಇನ್ನೂ ಉದಾರಿಗಳು ಸಿಕ್ಕರು. ಕ್ಯಾಟಲಿಟಿಕ್ ಕನ್ವರ್ಟರ್ ಬಿಚ್ಚಿಹಾಕಿ ನೇರ ಪೈಪ್ ಕೂರಿಸುತ್ತೇವೆ, ಮೈಲೇಜ್ ಜಾಸ್ತಿ ಆಗುತ್ತದೆ, ಮಜೂರಿ ಕೊಡುವುದೇ ಬೇಡ, ಹಳೇ ಡಬ್ಬಿ ನಮಗೆ ಬಿಡಿ ಸಾಕು ಅಂದರು.

ಆ ಹಳೇ ಡಬ್ಬಿಯೊಳಗೆ ಜೇನುಗೂಡಿನಂಥ ಪಿಂಗಾಣಿ ಇಟ್ಟಿಗೆ ಇರುತ್ತದೆ. ಅದರ ಮೈಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೋಹಗಳ ತೆಳು ಲೇಪ. ಗುಜರಿಯವರಿಗೆ ಇದರ ಬೆಲೆ ಗೊತ್ತು. ಕಾರಿನ ಮಾಲೀಕರಿಗೇ ಗೊತ್ತಿರುವುದಿಲ್ಲ. ಅದು ಮಾಡುವ ಕೆಲಸ ನನಗೆ ಯಾವಾಗಲೂ ನಮ್ಮೂರ ದೇವರನ್ನು ನೆನಪಿಸುತ್ತದೆ. ಕಾರ್ಬನ್ ಮಾನಾಕ್ಸೈಡಿಗೂ ಉರಿಯದೆ ಉಳಿದ ಪೆಟ್ರೋಲಿಗೂ ಆಮ್ಲಜನಕ ಸೇರಿಸುತ್ತದೆ. ಅದೇ ಹೊತ್ತಿಗೆ ನೈಟ್ರೋಜನ್ ಆಕ್ಸೈಡಿನಿಂದ ಆಮ್ಲಜನಕ ಕೀಳುತ್ತದೆ. ಉತ್ಕರ್ಷಣ, ಅಪಕರ್ಷಣ ಎರಡೂ ಒಂದೇ ಕಲ್ಲಿನಲ್ಲಿ, ಹರಿ ಮತ್ತು ಹರ ಒಂದೇ ಮೂರ್ತಿಯಲ್ಲಿ ಇದ್ದ ಹಾಗೆ. ಹತ್ತನೇ ತರಗತಿಗೆ ಹೀಗೇ ಹೇಳಿಕೊಡುತ್ತೇನೆ, ಹರಿಹರದಿಂದ ಬರುವ ಮಕ್ಕಳು ಮರೆಯುವುದಿಲ್ಲ. ನಮ್ಮ ದೇಶದಲ್ಲಿ 1995ರ ಏಪ್ರಿಲ್‌ನಿಂದ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಇದು ಕಡ್ಡಾಯವಾಯಿತು. ಸೀಸ ಬೆರೆಸಿದ ಪೆಟ್ರೋಲ್ ಈ ಲೇಪವನ್ನು ಕೊಲ್ಲುತ್ತದೆ. 2000ನೇ ಇಸವಿಯಲ್ಲಿ ದೇಶದ ಎಲ್ಲ ಬಂಕುಗಳಿಗೂ ಸೀಸವಿಲ್ಲದ ಪೆಟ್ರೋಲ್ ಬಂದಮೇಲೆ ದಾವಣಗೆರೆಯಂಥ ಊರಿನಲ್ಲೂ ಇದು ಬದುಕುವಂತಾಯಿತು.

ಇದನ್ನು ತೆಗೆಸಬಾರದು. ಕಾನೂನಿನ ಮಾತು ಹಾಗಿರಲಿ, ನನಗೆ ಬೇರೆಯೇ ಕಾರಣವಿದೆ. ಕೇಂದ್ರ ಸರ್ಕಾರ 2019ರಲ್ಲಿ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಶುರುಮಾಡಿದಾಗ ಗಾಳಿ ಕೆಟ್ಟ ಊರುಗಳ ಪಟ್ಟಿಯಲ್ಲಿ ಕರ್ನಾಟಕದ ನಾಲ್ಕು ಹೆಸರಿದ್ದವು: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ, ದಾವಣಗೆರೆ. ಅಲ್ಲಿನ ಲೆಕ್ಕದಲ್ಲಿ ಧೂಳೇ ದೊಡ್ಡದು, ಕಾರಿನ ಹೊಗೆ ಒಂದೇ ಅಲ್ಲ, ನಿಜ. ಆದರೂ ಅಶೋಕ ಟಾಕೀಸ್ ಹತ್ತಿರದ ರೈಲ್ವೆ ಗೇಟಿನಲ್ಲಿ ಮುಂದಿನ ಗಾಡಿಯ ಬಾಲಕ್ಕೆ ಮೂಗು ಕೊಟ್ಟು ನಿಂತವರಿಗೆ ಪಟ್ಟಿ ತೋರಿಸಿ ವಿವರಿಸುವ ಅಗತ್ಯವಿಲ್ಲ.

ಇನ್ನು ಅಕ್ಕನ ಮಗನ ಫ್ರೀ ಫ್ಲೋ. ಅವನಿಗೆ ಉತ್ತರ ಕೊಡಲು ನಾನು ಅಡುಗೆಮನೆಯಿಂದ ಖಾಲಿ ಬಿಂದಿಗೆ ತಂದು ಬಾಯಿಗೆ ಅಡ್ಡವಾಗಿ ಊದಿ ತೋರಿಸಿದೆ. ಗುಂಯ್ ಎಂದಿತು. ಬಿಂದಿಗೆಗೆ ತನ್ನದೇ ಒಂದು ಸ್ವರ ಇದೆ. ಅದರ ಹೊಟ್ಟೆ ಎಷ್ಟು ದೊಡ್ಡದು, ಕತ್ತು ಎಷ್ಟು ಉದ್ದ ಅನ್ನುವುದರ ಮೇಲೆ ಆ ಸ್ವರ ನಿಲ್ಲುತ್ತದೆ. ಸೈಲೆನ್ಸರಿನ ಒಳಗೆ ಇಂಥ ಎರಡು ಮೂರು ಕೋಣೆಗಳನ್ನು ಲೆಕ್ಕ ಹಾಕಿ ಮಾಡಿರುತ್ತಾರೆ. ಎಂಜಿನ್ನಿನ ಕಿವಿಗಡಚಿಕ್ಕುವ ಸ್ವರಗಳು ಅಲ್ಲಿ ಹೊಕ್ಕು, ಗೋಡೆಗೆ ಬಡಿದು ವಾಪಸು ಬಂದು, ಎದುರು ಬರುವ ಅಲೆಗೇ ಡಿಕ್ಕಿ ಹೊಡೆದು ಅಡಗುತ್ತವೆ. ಫ್ರೀ ಫ್ಲೋ ಅಂದರೆ ಈ ಕೋಣೆಗಳಿಲ್ಲದೆ, ತೂತು ತೂತಿನ ನೇರ ಕೊಳವೆಗೆ ಗಾಜಿನ ಉಣ್ಣೆ ಸುತ್ತಿದ್ದು. ಹೊಗೆಗೆ ಅಡ್ಡಿ ಕಡಿಮೆ, ಸದ್ದು ಜಾಸ್ತಿ.

ಅಡ್ಡಿ ಕಡಿಮೆಯಾದರೆ ಶಕ್ತಿ ಬರಬೇಕಲ್ಲ ಅಂದ. ಇಲ್ಲೇ ಬಹಳ ಜನ ಎಡವುವುದು. ಹೊಗೆ ನಲ್ಲಿ ನೀರಿನ ಹಾಗೆ ಒಂದೇ ಸಮನೆ ಹರಿಯುವುದಿಲ್ಲ. ಸಿಲಿಂಡರಿನ ಬಾಯಿ ತೆರೆದಾಗಲೊಂದು ಗುದ್ದು. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ 100 ಗುದ್ದು. ಒಂದು ಗುದ್ದು ರಭಸದಿಂದ ಮುಂದೆ ಹೋದರೆ ಅದರ ಬೆನ್ನಿಗೆ ಒತ್ತಡ ಇಳಿದು, ಮುಂದಿನ ಗುದ್ದನ್ನು ತಾನೇ ಎಳೆದುಕೊಳ್ಳುತ್ತದೆ. ಕೊಳವೆ ಬೇಕಾದ್ದಕ್ಕಿಂತ ಅಗಲವಾದರೆ ಈ ರಭಸ ಸಾಯುತ್ತದೆ. ತೋಟಕ್ಕೆ ನೀರು ಬಿಡುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ದೂರ ಚಿಮ್ಮುತ್ತದೆ, ಬೆರಳು ತೆಗೆದರೆ ಕಾಲ ಬಳಿಯೇ ಬೀಳುತ್ತದೆ. ಹಾಗಂತ ಕೊಳವೆ ಕಟ್ಟಿಕೊಂಡರೆ ಒಳ್ಳೆಯದು ಅಂತಲೂ ಅಲ್ಲ. ಅಳತೆ ಮುಖ್ಯ. ದೊಡ್ಡ ಪೈಪ್ ರೇಸ್ ಕಾರಿನ 7000 ಸುತ್ತಿಗೆ ಸರಿ. ಗಾಂಧಿ ಸರ್ಕಲ್ಲಿನಲ್ಲಿ ಎರಡನೇ ಗೇರಿನಲ್ಲಿ ತೆವಳುವ ನನ್ನ ಎಸ್ಟೀಮಿಗೆ ಅದನ್ನು ಹಾಕಿದರೆ ಇದ್ದ ಪಿಕಪ್ಪೂ ಹೋಗುತ್ತದೆ. ಸದ್ದು ಜೋರಾದ್ದರಿಂದ ಗಾಡಿಯೂ ಜೋರಾದಂತೆ ಕಿವಿಗೆ ಅನ್ನಿಸುತ್ತದೆ, ಅಷ್ಟೇ.

ಕಾನೂನನ್ನೂ ಅವನ ಮುಂದೆ ಇಟ್ಟೆ. ಒಂಬತ್ತು ಸೀಟಿನೊಳಗಿನ ಪ್ಯಾಸೆಂಜರ್ ಕಾರು ಕಾರ್ಖಾನೆಯಿಂದ ಹೊರಬರುವಾಗ ಪರೀಕ್ಷೆಯಲ್ಲಿ 74 ಡೆಸಿಬೆಲ್ ದಾಟಬಾರದು ಎಂಬ ಮಿತಿ 2005ರಿಂದ ಇದೆ. ಸದ್ದು, ಹೊಗೆಯ ಮಿತಿ ಮೀರಿ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 190(2)ನೇ ಸೆಕ್ಷನ್ ಪ್ರಕಾರ 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ, ಜೊತೆಗೆ ಮೂರು ತಿಂಗಳು ಲೈಸೆನ್ಸ್ ಇಲ್ಲ. ನಮ್ಮ ರಾಜ್ಯದ ಎಷ್ಟೋ ಊರುಗಳಲ್ಲಿ ಪೊಲೀಸರು ಬೈಕುಗಳ ಸೈಲೆನ್ಸರ್ ಬಿಚ್ಚಿಸಿ ರಸ್ತೆಯಲ್ಲಿ ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸಿದ್ದನ್ನು ಅವನೇ ಮೊಬೈಲಿನಲ್ಲಿ ನೋಡಿ ನಕ್ಕಿದ್ದ. ಈಗ ಸುಮ್ಮನಾದ.

ಅಪ್ಪ ಮಾತ್ರ ಇದ್ಯಾವುದಕ್ಕೂ ಕಿವಿಗೊಡದೆ ಕಳಚಿಬಿದ್ದ ಸೈಲೆನ್ಸರನ್ನು ಅಂಗಳದಲ್ಲಿ ಹೊರಳಿಸಿ ನೋಡುತ್ತಿದ್ದರು. ಅಲುಗಿಸಿದರೆ ಒಳಗೆ ಗಿಲಕಿಯ ಸದ್ದು. ಮೇಲ್ಮೈ ಅಷ್ಟೇನೂ ಕೆಟ್ಟಿರಲಿಲ್ಲ. ಹ್ಯಾಕ್ಸಾ ತಂದು ಉದ್ದಕ್ಕೆ ಸೀಳಿದರು. ಒಳಗಿನ ತಗಡು ಹಪ್ಪಳದ ಹಾಗೆ ಮುರಿಯಿತು. ತಳದಲ್ಲಿ ಕೆಂಪು ಕೆಸರು.

"ನೋಡವಾ, ಇದು ಹೊರಗಿಂದ ತುಕ್ಕು ಹಿಡದಿದ್ದಲ್ಲ. ಒಳಗೆ ನೀರು ನಿಂತು ಕೊಳತದ್ದು" ಅಂದರು. ಆಮೇಲೆ ತಳದ ಒಂದು ಕಡೆ ಬೆರಳಿಟ್ಟರು. ಅಲ್ಲೊಂದು ವೆಲ್ಡಿಂಗ್ ಗುಂಡು. "ಇಲ್ಲಿ ತೂತಿರಬೇಕಿತ್ತಲ್ಲ. ಯಾರು ಮುಚ್ಚಿಸಿದ್ದು?"

ಮುಚ್ಚಿಸಿದ್ದು ನಾನೇ. ಎರಡು ವರ್ಷದ ಹಿಂದೆ ಬೆಳಿಗ್ಗೆ ಹೊತ್ತು ಸೈಲೆನ್ಸರ್ ತಳದಿಂದ ನೀರು ತೊಟ್ಟಿಕ್ಕುವುದನ್ನು ಕಂಡು ಗಾಬರಿಯಾಗಿ ಗ್ಯಾರೇಜಿಗೆ ಒಯ್ದಿದ್ದೆ. ಅವರು ಚಿಕ್ಕ ತೂತು ತೋರಿಸಿ, ಲೀಕ್ ಇದೆ ಎಂದು ಹೇಳಿ, ಐವತ್ತು ರೂಪಾಯಿಗೆ ಒಂದು ಟಾಕಿ ಹಾಕಿ ಕಳಿಸಿದ್ದರು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಹುಟ್ಟುತ್ತದೆ ಎಂದು ವರ್ಷ ವರ್ಷ ಬೋರ್ಡಿನ ಮೇಲೆ ಸಮೀಕರಣ ಬರೆಯುವವಳು ನಾನು. ಪೆಟ್ರೋಲಿನ ಜಲಜನಕ, ಗಾಳಿಯ ಆಮ್ಲಜನಕ. ಬಿಸಿಯಾದ ಗಾಡಿಯಲ್ಲಿ ಅದು ಆವಿಯಾಗಿಯೇ ಹೊರಹೋಗುತ್ತದೆ. ತಣ್ಣಗಿರುವ ಗಾಡಿಯಲ್ಲಿ ಕಟ್ಟಕಡೆಯ ಡಬ್ಬಿಯೊಳಗೆ ಹನಿಗಟ್ಟಿ ತಳಕ್ಕಿಳಿಯುತ್ತದೆ. ಹೊಗೆಯಲ್ಲಿನ ಆಮ್ಲದ ಅಂಶವೂ ಅದಕ್ಕೆ ಸೇರುತ್ತದೆ. ಅದು ಇಳಿದುಹೋಗಲಿ ಎಂದೇ ಕಾರ್ಖಾನೆಯವರು ಆ ತೂತು ಕೊರೆದಿರುತ್ತಾರೆ.

ತಪ್ಪಿನಲ್ಲಿ ಅಪ್ಪನ ಪಾಲೂ ಇತ್ತು. ಬೇಸಿಗೆ ರಜೆಯಲ್ಲಿ ಕಾರು ನಿಂತೇ ಇರುತ್ತದಲ್ಲ, ಬ್ಯಾಟರಿ ಇಳಿಯಬಾರದೆಂದು ಅವರು ದಿನಾ ಬೆಳಿಗ್ಗೆ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುತ್ತಿದ್ದರು. ಐದು ನಿಮಿಷದಲ್ಲಿ ನೀರು ಹುಟ್ಟುತ್ತದೆ, ಹಿಂದಿನ ಡಬ್ಬಿ ಒಣಗುವಷ್ಟು ಕಾಯುವುದಿಲ್ಲ. ತೂತು ಮುಚ್ಚಿದವಳು ನಾನು, ದಿನಾ ನೀರು ತುಂಬಿದವರು ಅವರು. ಇಬ್ಬರೂ ಗಾಡಿಯನ್ನು ಮುದ್ದು ಮಾಡುತ್ತಿದ್ದೇವೆ ಎಂದೇ ತಿಳಿದಿದ್ದೆವು.

ಅಲ್ಲಿಂದ ಯೋಚನೆಯ ದಾರಿ ಬದಲಾಯಿತು. ಕಡಿಮೆ ದುಡ್ಡಿನಲ್ಲಿ ಗಾಡಿಯನ್ನು ಮೇಲ್ದರ್ಜೆಗೆ ಏರಿಸಬೇಕೆಂದರೆ ಪೈಪಿನ ಅಗಲ, ಸದ್ದು, ಹೊಳೆಯುವ ಬಾಲ ಇವುಗಳಿಗಲ್ಲ, ಸೋರಿಕೆ ನಿಲ್ಲಿಸುವುದಕ್ಕೂ ಒಳ್ಳೆಯ ಲೋಹಕ್ಕೂ ದುಡ್ಡು ಹಾಕಬೇಕು. ಸೋರಿಕೆ ಹುಡುಕುವುದಕ್ಕೆ ಅಪ್ಪನ ವಿಧಾನ ಇದು. ಎಂಜಿನ್ ಪೂರ್ತಿ ತಣ್ಣಗಿರುವಾಗ ಸ್ಟಾರ್ಟ್ ಮಾಡಬೇಕು. ಮ್ಯಾನಿಫೋಲ್ಡ್ ಹತ್ತಿರ ಟಿಕ್ ಟಿಕ್ ಎಂದು ಹಲ್ಲಿ ಲೊಚಗುಟ್ಟಿದಂತೆ ಕೇಳಿ, ಬಿಸಿಯಾದ ಮೇಲೆ ನಿಂತುಹೋದರೆ ಅಲ್ಲಿ ಗ್ಯಾಸ್ಕೆಟ್ ಹೋಗಿದೆ ಎಂದರ್ಥ; ಲೋಹ ಹಿಗ್ಗಿ ಸಂದು ಮುಚ್ಚಿಕೊಳ್ಳುವುದರಿಂದ ಸದ್ದು ನಿಲ್ಲುತ್ತದೆ. ಆಮೇಲೆ ಒಬ್ಬರು ದಪ್ಪನೆಯ ಒದ್ದೆ ಗೋಣಿಚೀಲವನ್ನು ಬಾಲದ ಕೊಳವೆಗೆ ಒಂದೆರಡು ಕ್ಷಣ ಒತ್ತಿ ಹಿಡಿಯಬೇಕು. ಹೊಗೆಗೆ ದಾರಿ ಸಿಗದೆ ಸಂದುಗೊಂದುಗಳಲ್ಲಿ ಪುಸ್ಸೆಂದು ಹೊರಬೀಳುತ್ತದೆ. ಇದನ್ನು ಬಯಲಿನಲ್ಲೇ ಮಾಡಬೇಕು, ಮುಚ್ಚಿದ ಶೆಡ್ಡಿನಲ್ಲಿ ಬೇಡ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ತಲೆ ಭಾರವಾಗಿ ನಿದ್ದೆ ಬರುವ ಹಾಗಾಗುವುದೇ ಅದರ ಗುರುತು. ಸೀಟಿನ ಕೆಳಗೆ ಸೋರುವ ಪೈಪ್ ಇಟ್ಟುಕೊಂಡು, ಕಿಟಕಿ ಏರಿಸಿ, ಮಕ್ಕಳನ್ನು ಕೂರಿಸಿಕೊಂಡು ದೂರ ಹೋಗುವವರು ಇದನ್ನು ಇನ್ನೊಮ್ಮೆ ಓದಲಿ.

ನಮ್ಮದರಲ್ಲಿ ಮೂರು ಕಡೆ ಸೋರುತ್ತಿತ್ತು. ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಎಂಜಿನ್ ಅಲುಗಾಟ ತಡೆಯಲು ಸ್ಪ್ರಿಂಗ್ ಬೋಲ್ಟಿನಿಂದ ಬಿಗಿದ ಜಾಗದ ಬಳೆಯಂಥ ಗ್ಯಾಸ್ಕೆಟ್, ಆಮೇಲೆ ನಡುವಿನ ಪೈಪಿನ ಒಂದು ಬೆಂಡು. ಮೊದಲನೆಯದೇ ಪೆಟ್ರೋಲ್ ಕುಡಿಯುತ್ತಿದ್ದ ಕಳ್ಳ. ಆಕ್ಸಿಜನ್ ಸೆನ್ಸರಿಗಿಂತ ಮುಂಚೆ ಸಂದು ಇದ್ದರೆ ಗುದ್ದು ಗುದ್ದಿನ ನಡುವೆ ಹೊರಗಿನ ಗಾಳಿ ಒಳಗೆ ನುಸುಳುತ್ತದೆ. ಸೆನ್ಸರು ಆಮ್ಲಜನಕ ಜಾಸ್ತಿ ಕಂಡು, ಪೆಟ್ರೋಲ್ ಸಾಲುತ್ತಿಲ್ಲ ಎಂದು ಕಂಪ್ಯೂಟರಿಗೆ ಚಾಡಿ ಹೇಳುತ್ತದೆ. ಅದು ಇನ್ನಷ್ಟು ಸುರಿಯುತ್ತದೆ.

ಲೋಹದ ವಿಷಯಕ್ಕೆ ಬರೋಣ. ಅಂಗಡಿಯ ಅಗ್ಗದ ಪೈಪ್ ಎಂದರೆ ಬರೀ ಮೈಲ್ಡ್ ಸ್ಟೀಲ್. ಅದಕ್ಕಿಂತ ಮೇಲೆ ಅಲ್ಯುಮಿನಿಯಂ ಲೇಪದ ಉಕ್ಕು. ಆಮೇಲೆ ಸ್ಟೇನ್‌ಲೆಸ್. ಅದರಲ್ಲೂ 409 ಎಂಬ ಜಾತಿಯಲ್ಲಿ ಕ್ರೋಮಿಯಂ ಶೇಕಡಾ 11ರಷ್ಟು. ಕಾರು ಕಂಪನಿಗಳು ಹೆಚ್ಚಾಗಿ ಬಳಸುವುದು ಇದನ್ನೇ. 304ರಲ್ಲಿ ಕ್ರೋಮಿಯಂ 18, ನಿಕ್ಕಲ್ 8. ನಮ್ಮ ಮನೆಯ ಒಳ್ಳೆಯ ಪಾತ್ರೆಗಳ ಲೋಹ. ಅಪ್ಪನ ಜೇಬಿನಲ್ಲಿ ಹಳೇ ಸ್ಪೀಕರಿನ ಅಯಸ್ಕಾಂತ ಇರುತ್ತದೆ. 304 ಎಂದು ಮಾರುವ ಪೈಪಿಗೆ ಅದು ಗಟ್ಟಿಯಾಗಿ ಅಂಟಿಕೊಂಡರೆ ಅಂಗಡಿಯವನಿಗೆ ನಮಸ್ಕಾರ ಹೇಳಿ ಬರಬಹುದು. ಅಂಟಿದ್ದೆಲ್ಲ ಕಳಪೆ ಅಂತಲ್ಲ, 409ಕ್ಕೂ ಅಂಟುತ್ತದೆ. ಹೇಳಿದ್ದೇ ಕೊಡುತ್ತಿದ್ದಾನೋ ಎಂಬುದಷ್ಟೇ ಪರೀಕ್ಷೆ. ಇನ್ನು ನೀರಿನ ಜಿಐ ಪೈಪ್ ತಂದು ವೆಲ್ಡ್ ಮಾಡಿಸುವವರಿದ್ದಾರೆ. ಅದರ ಮೇಲಿನ ಸತುವು ಸುಟ್ಟು ಏಳುವ ಹೊಗೆಯಿಂದ ವೆಲ್ಡರಿಗೆ ಚಳಿಜ್ವರ ಬರುತ್ತದೆ. ಅಗ್ಗವೆಂದು ಆ ಕೆಲಸ ಮಾಡಿಸಬೇಡಿ.

ನಮಗೆ ಸರಿಯಾದ ಮನುಷ್ಯ ಸಿಕ್ಕಿದ್ದು ಗ್ಯಾರೇಜಿನಲ್ಲಲ್ಲ. ದಾವಣಗೆರೆ ಹೋಟೆಲುಗಳ ಊರು; ಬೆಣ್ಣೆದೋಸೆ ಕೊಡುವ ಕೌಂಟರು, ಪಾತ್ರೆ ತೊಳೆಯುವ ಸಿಂಕು, ಇಡ್ಲಿ ಸ್ಟ್ಯಾಂಡು ಎಲ್ಲವೂ ಸ್ಟೇನ್‌ಲೆಸ್. ಅವುಗಳನ್ನು ಮಾಡುವವರ ಕೈಯಲ್ಲಿ ಟಿಗ್ ವೆಲ್ಡಿಂಗ್ ಇದೆ, ಆರ್ಗಾನ್ ಸಿಲಿಂಡರ್ ಇದೆ. ಲೋಕಿಕೆರೆ ರಸ್ತೆಯ ಕೈಗಾರಿಕಾ ಪ್ರದೇಶದಲ್ಲಿ ಅಂಥ ಒಬ್ಬರ ಶೆಡ್ಡಿಗೆ ಶನಿವಾರ ಮಧ್ಯಾಹ್ನ ಶಾಲೆ ಮುಗಿಸಿ ಹೋದೆ. ಅಪ್ಪ ಹರಿಹರದಿಂದ ಬಸ್ಸಿಗೆ ಬಂದರು, ಕೈಚೀಲದಲ್ಲಿ ಕ್ಯಾಲಿಪರ್.

"ಮೇಡಂ, ನಾವು ಗಾಡಿ ಕೆಲ್ಸ ಮಾಡಲ್ರಿ" ಅಂದರು ಮೊದಲು. ಅಪ್ಪ ಪೈಪಿನ ತುಂಡು ಅವರ ಮುಂದಿಟ್ಟು, "ಗಾಡಿ ಅಂತ ಯಾಕ್ ನೋಡ್ತೀರಿ, ಪೈಪ್ ಅಂತ ನೋಡ್ರಿ" ಅಂದರು. ಅಳತೆ ಕಾರ್ಖಾನೆಯದೇ ಇರಲಿ, ಒಂದು ಮಿಲಿಮೀಟರ್ ಆಚೀಚೆ ಬೇಡ ಎಂದರು. ಇಬ್ಬರೂ ಅರ್ಧ ಗಂಟೆ ಲೋಹದ ಮಾತಾಡಿದರು. ನಾನು ಮಂಡಕ್ಕಿ ಮಿರ್ಚಿ ತರಿಸಿದೆ.

ಬೆಂಡು ಮಾಡುವ ರೀತಿ ನೋಡುವಂತಿತ್ತು. ಕೊಳವೆಯನ್ನು ಹಾಗೇ ಬಗ್ಗಿಸಿದರೆ ಒಳಮಗ್ಗುಲು ನೆರಿಗೆಗಟ್ಟಿ ದಾರಿ ಕಿರಿದಾಗುತ್ತದೆ. ದೊಡ್ಡ ಕಾರ್ಖಾನೆಗಳಲ್ಲಿ ಒಳಗೆ ಗುಂಡು ತೂರಿಸಿ ಬಗ್ಗಿಸುವ ಯಂತ್ರ ಇರುತ್ತದೆ. ಇಲ್ಲಿ ಒಣ ಮರಳನ್ನು ತಟ್ಟಿ ತಟ್ಟಿ ತುಂಬಿ, ಎರಡೂ ಬಾಯಿಗೆ ಬೆಣೆ ಹೊಡೆದು, ಕೆಂಪಗೆ ಕಾಯಿಸಿ ನಿಧಾನಕ್ಕೆ ಎಳೆದರು. ಮರಳು ಒದ್ದೆಯಿದ್ದರೆ ಆವಿಯ ಒತ್ತಡಕ್ಕೆ ಬೆಣೆ ಬಂದೂಕಿನ ಗುಂಡಿನಂತೆ ಹಾರುತ್ತದೆಂದು ಅಪ್ಪ ಮರಳನ್ನು ತಾವೇ ಮುಟ್ಟಿ ನೋಡಿದರು. ಗಾಡಿಯ ಮೇಲೆ ವೆಲ್ಡಿಂಗ್ ಮಾಡುವ ಮುಂಚೆ ಬ್ಯಾಟರಿ ವೈರ್ ಬಿಚ್ಚಿಸಿದರು. ಇಲ್ಲದಿದ್ದರೆ ಎಂಜಿನ್ ಕಂಪ್ಯೂಟರಿಗೆ ಪೆಟ್ಟು. ಹೊಸ ಸ್ಟೇನ್‌ಲೆಸ್ಸನ್ನು ಹಳೇ ಉಕ್ಕಿನ ಫ್ಲಾಂಜಿಗೆ ಸೇರಿಸುವಾಗ 309 ಕಡ್ಡಿಯನ್ನೇ ಬಳಸಬೇಕು. ಇದು ಹೋಟೆಲಿನ ಸಿಂಕು ಮಾಡುವವರಿಗೆ ನಾವು ಕೇಳುವ ಮೊದಲೇ ಗೊತ್ತಿತ್ತು. ಬಿಸಿಗೆ 304 ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ. ಹಾಗಾಗಿ ನಾಲ್ಕೂ ಹ್ಯಾಂಗರ್ ರಬ್ಬರ್ ಹೊಸದು ಹಾಕಿಸಿದೆವು. ನನ್ನ ಸೈಲೆನ್ಸರ್ ರಸ್ತೆಗೆ ಬಿದ್ದದ್ದೇ ಮೂರು ರಬ್ಬರು ಹರಿದಿದ್ದಕ್ಕೆ.

ಹಿಂದಿನ ಡಬ್ಬಿಯನ್ನು ಮಾತ್ರ ಮಾಡಿಸಲಿಲ್ಲ, ಕೊಂಡೆವು. ಒಳಗಿನ ಕೋಣೆಗಳ ಲೆಕ್ಕ ನಮ್ಮ ಕೈಗೆ ಸಿಗುವಂಥದ್ದಲ್ಲ. ಕ್ಯಾಟಲಿಟಿಕ್ ಕನ್ವರ್ಟರನ್ನು ಮುಟ್ಟಲಿಲ್ಲ.

ಲೆಕ್ಕ ಹೀಗಿದೆ. ಮ್ಯಾನಿಫೋಲ್ಡ್ ಗ್ಯಾಸ್ಕೆಟ್ 220, ಅದನ್ನು ಹಾಕಿದ ಮೆಕ್ಯಾನಿಕ್ ಮಜೂರಿ 600, ಬಳೆ ಗ್ಯಾಸ್ಕೆಟ್ ಮತ್ತು ಸ್ಪ್ರಿಂಗ್ ಬೋಲ್ಟು 430, ರಬ್ಬರ್ ನಾಲ್ಕಕ್ಕೆ 320, ಆರು ಅಡಿ 304 ಪೈಪ್ 1080, ಬೆಂಡು ಮತ್ತು ವೆಲ್ಡಿಂಗ್ 1500, ಅಲ್ಯುಮಿನಿಯಂ ಲೇಪದ ಸೈಲೆನ್ಸರ್ 1900. ಒಟ್ಟು 6050 ರೂಪಾಯಿ. ಮಂಡಕ್ಕಿ ಮಿರ್ಚಿ ಬೇರೆ. ಇಷ್ಟೂ ದುಡ್ಡು ಒಟ್ಟಿಗೆ ಇಲ್ಲದವರು ಮೊದಲು ಗ್ಯಾಸ್ಕೆಟ್ಟು, ರಬ್ಬರು ಹಾಕಿಸಿ. 1570ಕ್ಕೆ ಅರ್ಧ ಕಾಯಿಲೆ ವಾಸಿ. ಪೈಪಿಗೆ ಮುಂದಿನ ತಿಂಗಳ ಸಂಬಳ ಬರಲಿ.

ಸೋಮವಾರ ಎಮಿಷನ್ ಟೆಸ್ಟಿಗೆ ಹೋದೆ. ನನ್ನ ಕಾರಿನ ಕಾಲದ ಪೆಟ್ರೋಲ್ ಗಾಡಿಗಳಿಗೆ ಕಾರ್ಬನ್ ಮಾನಾಕ್ಸೈಡ್ ಶೇಕಡಾ 0.5 ದಾಟಬಾರದು. ಹಿಂದಿನ ಸಲ 0.7 ಬಂದು ಫೇಲ್ ಆಗಿತ್ತು. ಈ ಸಲ 0.2. ಪಿಕಪ್ ಹೆಚ್ಚಿತೇ ಎಂದು ಅಕ್ಕನ ಮಗ ಕೇಳಿದ. ಹೆಚ್ಚಿಲ್ಲ, ಕಳೆದುಹೋಗಿದ್ದು ವಾಪಸ್ ಬಂದಿದೆ ಅಂದೆ. ರೇಡಿಯೋದ ಸದ್ದನ್ನು ಎರಡು ಗೆರೆ ಇಳಿಸಿದರೂ ವಾರ್ತೆ ಕೇಳುತ್ತದೆ.

ಒಂದು ಮಾತು ಉಳಿಯಿತು. ಅವತ್ತು ಶೆಡ್ಡಿನಲ್ಲಿ ಎಲ್ಲ ಮುಗಿದು ಗಾಡಿ ಇಳಿಸುವಾಗ, ಕೆಳಗೆ ಮಲಗಿದ್ದ ಹೆಲ್ಪರ್ ಹುಡುಗ ಕೂಗಿದ: "ಯಜಮಾನ್ರೇ, ಹೊಸ ಸೈಲೆನ್ಸರ್‌ನಾಗೆ ತಳಕ್ಕೆ ಒಂದು ತೂತ್ ಐತ್ರಿ. ಮುಚ್ಚಿಬಿಡ್ಲಾ?" ಅಪ್ಪ, ನಾನು ಇಬ್ಬರೂ ಒಟ್ಟಿಗೆ "ಬ್ಯಾಡ!" ಎಂದು ಚೀರಿದ್ದಕ್ಕೆ ಅವನು ತಲೆ ಎತ್ತಲು ಹೋಗಿ ಬಂಪರಿಗೆ ಹೊಡೆಸಿಕೊಂಡ.

ಅಪ್ಪ ಈಗ ಐದು ನಿಮಿಷದ ಪೂಜೆ ನಿಲ್ಲಿಸಿದ್ದಾರೆ. ರಜೆಯಿದ್ದರೆ ವಾರಕ್ಕೊಮ್ಮೆ ತುಂಗಭದ್ರಾ ಸೇತುವೆ ದಾಟಿಸಿ ರಾಣೆಬೆನ್ನೂರಿನವರೆಗೆ ಓಡಿಸಿಕೊಂಡು ಬರುತ್ತಾರೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಅಂಗಳದಲ್ಲಿ ನಾಲ್ಕು ಹನಿ ನೀರು ಬೀಳುತ್ತದೆ. ನಿಮ್ಮ ಗಾಡಿಯ ಸೈಲೆನ್ಸರ್ ಕೆಳಗೂ ಅಂಥದೊಂದು ತೂತು ಕಂಡರೆ, ದಯವಿಟ್ಟು ಮುಚ್ಚಿಸಬೇಡಿ.